ಉತ್ತರ ಸರಿ ಇದೆ, ಅರ್ಥ ಆಗಿದೆಯಾ? ರಸಾಯನಶಾಸ್ತ್ರದ ತಿಳಿವಳಿಕೆ ಪರೀಕ್ಷಿಸಲು ಯಾವ ದಾರಿ ಒಳ್ಳೆಯದು

ಹೈಡ್ರೋಜನ್ ಮತ್ತು ಆಕ್ಸಿಜನ್ ಸೇರಿ ನೀರಾಗುವ ಸಮೀಕರಣವನ್ನು ಸರಿದೂಗಿಸಿ ಅಂತ ಕೊಟ್ಟರೆ ಪ್ರೌಢಶಾಲೆಯ ಬಹಳಷ್ಟು ಮಕ್ಕಳು ಸಲೀಸಾಗಿ ಮಾಡಿಬಿಡುತ್ತಾರೆ. ಹೈಡ್ರೋಜನ್ ಮುಂದೆ 2, ನೀರಿನ ಮುಂದೆ 2. ಪೂರ್ತಿ ಅಂಕ. ಈಗ ಅದೇ ಮಕ್ಕಳಿಗೆ, "ಆ ಎರಡು ಹೈಡ್ರೋಜನ್ ಅಣುಗಳ ಚಿತ್ರ ಬರೆಯಿರಿ" ಎನ್ನಿ. ಎರಡೆರಡು ವೃತ್ತಗಳ ಎರಡು ಬಿಡಿ ಜೋಡಿ ಬರೆಯುವ ಬದಲು, ನಾಲ್ಕು ವೃತ್ತಗಳನ್ನು ಒಂದಕ್ಕೊಂದು ಅಂಟಿಸಿ ಒಂದೇ ಸಾಲಿನಲ್ಲಿ ಬರೆಯುವವರು ಸಿಗುತ್ತಾರೆ. ಸೂತ್ರದ ಮುಂದೆ ಬರೆಯುವ ಅಂಕಿಗೂ ಸೂತ್ರದೊಳಗೆ ಕೆಳಗೆ ಬರೆಯುವ ಅಂಕಿಗೂ ಇರುವ ವ್ಯತ್ಯಾಸ ಅವರಿಗೆ ಗೊತ್ತಿಲ್ಲ. ಸರಿದೂಗಿಸಲು ಅದು ಗೊತ್ತಿರಬೇಕಾಗಿಯೂ ಇಲ್ಲ. ಎರಡೂ ಕಡೆ ಎಣಿಕೆ ಸಮ ಮಾಡಿದರೆ ಮುಗಿಯಿತು.

ಅಂದರೆ ಒಂದೇ ಮಗು ಒಂದು ಪ್ರಶ್ನೆಯಲ್ಲಿ "ಬರುತ್ತದೆ" ಅಂತ ಕಾಣಿಸುತ್ತದೆ, ಇನ್ನೊಂದರಲ್ಲಿ "ಬರುವುದಿಲ್ಲ" ಅಂತ ಕಾಣಿಸುತ್ತದೆ. ಯಾವ ಪ್ರಶ್ನೆ ಕೇಳಬೇಕು ಅನ್ನುವ ಆಯ್ಕೆ ಅಷ್ಟು ದೊಡ್ಡದು. ಬಹು ಆಯ್ಕೆಯ ಪ್ರಶ್ನೆ, ಎರಡು ಹಂತದ ಪ್ರಶ್ನೆ, ಕಣಗಳ ಚಿತ್ರ, ವಿವರಣೆ ಬರೆಸುವುದು, ಪ್ರಯೋಗಕ್ಕೆ ಮೊದಲು ಊಹೆ ಕೇಳುವುದು, ಪರಿಕಲ್ಪನಾ ನಕ್ಷೆ, ಕೂರಿಸಿಕೊಂಡು ಮಾತಾಡಿಸುವುದು. ಎಲ್ಲವನ್ನೂ ಎಲ್ಲ ಪಾಠಕ್ಕೂ ಮಾಡಲು ಯಾರಿಗೂ ಸಮಯ ಇರುವುದಿಲ್ಲ. ಯಾವುದನ್ನು ಯಾವಾಗ ಹಿಡಿಯಬೇಕು ಅನ್ನುವುದನ್ನೇ ಇಲ್ಲಿ ನೋಡೋಣ.

ಅಳೆಯುವುದು ಯಾವ ಮಟ್ಟವನ್ನು?

ಗ್ಲಾಸ್ಗೋ ವಿಶ್ವವಿದ್ಯಾಲಯದ ಅಲೆಕ್ಸ್ ಜಾನ್‌ಸ್ಟೋನ್ 1991ರಲ್ಲಿ ಒಂದು ಸರಳ ವಿಚಾರವನ್ನು ಮುಂದಿಟ್ಟರು. ರಸಾಯನಶಾಸ್ತ್ರ ಮೂರು ಮಟ್ಟಗಳಲ್ಲಿ ನಡೆಯುತ್ತದೆ. ಒಂದು, ಕಣ್ಣಿಗೆ ಕಾಣುವುದು: ಬಣ್ಣ ಬದಲಾಯಿತು, ಗುಳ್ಳೆ ಬಂತು, ತಳದಲ್ಲಿ ಬಿಳಿ ಪುಡಿ ಕೂತಿತು. ಎರಡು, ಕಾಣದ ಕಣಗಳ ಲೋಕ: ಪರಮಾಣು, ಅಣು, ಅಯಾನು (ವಿದ್ಯುದಾವೇಶ ಇರುವ ಕಣ). ಮೂರು, ಬರೆಯುವ ಚಿಹ್ನೆಗಳು: ಸೂತ್ರ, ಸಮೀಕರಣ, ಲೆಕ್ಕ. ರಸಾಯನಶಾಸ್ತ್ರ ಬಲ್ಲವರು ಈ ಮೂರರ ನಡುವೆ ಗೊತ್ತೇ ಆಗದ ಹಾಗೆ ಓಡಾಡುತ್ತಾರೆ. ಮಕ್ಕಳು ಒಂದೇ ಮಟ್ಟದಲ್ಲಿ ಸಿಕ್ಕಿಕೊಳ್ಳುತ್ತಾರೆ.

ನಿಮ್ಮ ಕೈಯಲ್ಲಿರುವ ಯಾವುದಾದರೂ ಪ್ರಶ್ನೆಪತ್ರಿಕೆ ತೆಗೆದು, ಪ್ರತಿ ಪ್ರಶ್ನೆಯ ಪಕ್ಕದಲ್ಲಿ ಅದು ಈ ಮೂರರಲ್ಲಿ ಯಾವುದನ್ನು ಕೇಳುತ್ತಿದೆ ಅಂತ ಗುರುತು ಹಾಕಿ. ಚಿಹ್ನೆಯ ಪ್ರಶ್ನೆಗಳೇ ಜಾಸ್ತಿ ಇದ್ದರೆ, ಕಣಗಳ ಬಗ್ಗೆ ಮಕ್ಕಳ ತಲೆಯಲ್ಲಿ ಏನಿದೆ ಅನ್ನುವುದು ಆ ಪತ್ರಿಕೆಯಿಂದ ನಿಮಗೆ ತಿಳಿಯುವುದಿಲ್ಲ. ನನ್ನ ಅನುಭವದಲ್ಲಿ ಮೊದಲು ಬಿದ್ದುಹೋಗುವುದು ಎರಡನೇ ಮಟ್ಟ. ಯಾಕೆಂದರೆ ಅದನ್ನು ಕೇಳುವುದೂ ಕಷ್ಟ, ಅದಕ್ಕೆ ಅಂಕ ಹಾಕುವುದೂ ಕಷ್ಟ.

ಇನ್ನೊಂದು ಮಾತು. ಫಲಿತಾಂಶ ಕೈಗೆ ಬಂದ ಮೇಲೆ ಏನು ಮಾಡುತ್ತೀರಿ ಅಂತ ಮೊದಲೇ ನಿರ್ಧರಿಸಿಕೊಳ್ಳಿ. ಇಡೀ ತರಗತಿಗೆ ಮತ್ತೆ ಪಾಠ ಮಾಡುವುದೋ ಬೇಡವೋ ಅಂತ ತಿಳಿಯಬೇಕಾದರೆ ಒಂದು ಬಗೆಯ ಪರೀಕ್ಷೆ ಬೇಕು. ಒಬ್ಬ ವಿದ್ಯಾರ್ಥಿ ಎಲ್ಲಿ ಎಡವುತ್ತಿದ್ದಾನೆ ಅಂತ ತಿಳಿಯಲು ಬೇರೆಯದೇ ಬೇಕು.

ಬಹು ಆಯ್ಕೆಯ ಪ್ರಶ್ನೆ: ತಪ್ಪು ಆಯ್ಕೆಗಳಲ್ಲೇ ಜೀವ

ಬೇಗ ಮುಗಿಯುತ್ತದೆ, ತಿದ್ದುವುದು ಸುಲಭ, ದೊಡ್ಡ ತರಗತಿಗೂ ಆಗುತ್ತದೆ. ನಾಲ್ಕು ಆಯ್ಕೆ ಇದ್ದರೆ ಏನೂ ಗೊತ್ತಿಲ್ಲದೆ ಸುಮ್ನೆ ಟಿಕ್ ಹಾಕಿದರೂ ನೂರಕ್ಕೆ 25ರಷ್ಟು ಸರಿಯಾಗುವ ಸಾಧ್ಯತೆ ಇದೆ. ಇದು ಎಲ್ಲರಿಗೂ ಗೊತ್ತಿರುವ ಕೊರತೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವ ಕೊರತೆ, ತಪ್ಪು ಆಯ್ಕೆಗಳನ್ನು ಯೋಚಿಸದೆ ತುಂಬಿಸುವುದು.

ಒಂದು ಉದಾಹರಣೆ ನೋಡಿ. ನೀರು ಚೆನ್ನಾಗಿ ಕುದಿಯುವಾಗ ಏಳುವ ದೊಡ್ಡ ಗುಳ್ಳೆಗಳಲ್ಲಿ ಏನಿರುತ್ತದೆ? ನ್ಯೂಜಿಲೆಂಡ್‌ನಲ್ಲಿ ರೋಜರ್ ಆಸ್ಬರ್ನ್ ಮತ್ತು ಮಾರ್ಕ್ ಕಾಸ್‌ಗ್ರೋವ್ ಈ ಪ್ರಶ್ನೆಯನ್ನು ಮಕ್ಕಳಿಗೆ ಕೇಳಿ 1983ರಲ್ಲಿ ಪ್ರಕಟಿಸಿದರು. ಬಂದ ಉತ್ತರಗಳು ಇಂಥವು: ಗಾಳಿ, ಶಾಖ, ಹೈಡ್ರೋಜನ್ ಮತ್ತು ಆಕ್ಸಿಜನ್, ನೀರಾವಿ. ಸರಿ ಇರುವುದು ನೀರಾವಿ. ಈ ನಾಲ್ಕನ್ನೇ ಆಯ್ಕೆಗಳಾಗಿ ಕೊಟ್ಟರೆ ಪ್ರತಿ ತಪ್ಪು ಉತ್ತರವೂ ಒಂದು ವಿಷಯ ಹೇಳುತ್ತದೆ. "ಹೈಡ್ರೋಜನ್ ಮತ್ತು ಆಕ್ಸಿಜನ್" ಎಂದ ಮಗು, ಕುದಿಯುವಾಗ ನೀರಿನ ಅಣುವೇ ಒಡೆಯುತ್ತದೆ ಅಂದುಕೊಂಡಿದೆ. "ಶಾಖ" ಎಂದ ಮಗು ಶಾಖವನ್ನೇ ಒಂದು ವಸ್ತು ಅಂದುಕೊಂಡಿದೆ. ಇಬ್ಬರಿಗೂ ಬೇಕಾದ ಪಾಠ ಬೇರೆ ಬೇರೆ. ಅದರ ಬದಲು ಆಯ್ಕೆಗಳಲ್ಲಿ ಸಾರಜನಕ, ಕ್ಲೋರಿನ್ ಅಂತೆಲ್ಲ ಹಾಕಿದ್ದರೆ ತಪ್ಪು ಉತ್ತರದಿಂದ ನಿಮಗೆ ತಿಳಿಯುವುದು ತಪ್ಪು ಅನ್ನುವುದು ಮಾತ್ರ.

ಹಾಗಾಗಿ ಪಾಠ ಶುರುವಾಗುವ ಮುಂಚೆ ತರಗತಿ ಎಲ್ಲಿದೆ ಅಂತ ಒಂದು ನೋಟಕ್ಕೆ ತಿಳಿಯಬೇಕೆಂದರೆ ಬಹು ಆಯ್ಕೆ ಸಾಕು. ಧಾತುಗಳ ಚಿಹ್ನೆ, ವೇಲೆನ್ಸಿ, ಲಿಟ್ಮಸ್ ಬಣ್ಣ ಇಂಥ ನೆನಪಿನ ವಿಷಯಕ್ಕೂ ಅದೇ ಸಾಕು. ಅಲ್ಲಿ ಬೇರೆ ಸಾಹಸ ಬೇಡ. ಕೊನೆಯ ತೀರ್ಮಾನವನ್ನು ಮಾತ್ರ ಅದೊಂದರ ಮೇಲೆ ನಿಲ್ಲಿಸಬೇಡಿ.

ಸಿದ್ಧ ಪ್ರಶ್ನೆಗಳು ಬೇಕೆನ್ನುವವರಿಗೆ, ಡಗ್ಲಸ್ ಮಲ್ಫರ್ಡ್ ಮತ್ತು ವಿಲಿಯಂ ರಾಬಿನ್ಸನ್ 2002ರಲ್ಲಿ ಪ್ರಕಟಿಸಿದ 22 ಪ್ರಶ್ನೆಗಳ ಪರೀಕ್ಷೆ ಇದೆ. ಅದು ಕಾಲೇಜಿನ ಮೊದಲ ವರ್ಷದವರಿಗಾಗಿ ಮಾಡಿದ್ದು. ಇಡಿಯಾಗಿ ಕೊಡಬೇಡಿ, ಪ್ರೌಢಶಾಲೆಗೆ ಹೊಂದುವ ಕೆಲವನ್ನು ಆರಿಸಿಕೊಳ್ಳಿ.

ಎರಡು ಹಂತದ ಪ್ರಶ್ನೆ: ಒಂದನ್ನೇ ಆರಿಸಬೇಕೆಂದರೆ ಇದು

ಆಸ್ಟ್ರೇಲಿಯಾದ ಡೇವಿಡ್ ಟ್ರೆಗಸ್ಟ್ 1980ರ ದಶಕದಲ್ಲಿ ಈ ಬಗೆಯ ಪರೀಕ್ಷೆಗೆ ಒಂದು ಕ್ರಮ ಹಾಕಿಕೊಟ್ಟರು. ಮೊದಲ ಹಂತದಲ್ಲಿ ಉತ್ತರ, ಎರಡನೇ ಹಂತದಲ್ಲಿ ಅದಕ್ಕೆ ಕಾರಣ. ಎರಡೂ ಬಹು ಆಯ್ಕೆಯೇ. ಎರಡೂ ಸರಿಯಿದ್ದರೆ ಮಾತ್ರ ಸರಿ.

ಒಂದು ಪ್ರಶ್ನೆ ಮಾಡೋಣ. 100 ಗ್ರಾಂ ನೀರಿಗೆ 5 ಗ್ರಾಂ ಉಪ್ಪು ಹಾಕಿ, ಉಪ್ಪು ಕಾಣದ ಹಾಗೆ ಕಲಕಿದ್ದೇವೆ. ದ್ರಾವಣದ ರಾಶಿ (ದ್ರವ್ಯರಾಶಿ) ಎಷ್ಟು? 105 ಗ್ರಾಂಗಿಂತ ಕಡಿಮೆ, ಸರಿಯಾಗಿ 105 ಗ್ರಾಂ, ಅದಕ್ಕಿಂತ ಹೆಚ್ಚು. ಇದು ಮೊದಲ ಹಂತ. ಕಾರಣದ ಆಯ್ಕೆಗಳು ಹೀಗಿರಲಿ: ಉಪ್ಪು ಕರಗಿದಾಗ ಇಲ್ಲವಾಗುತ್ತದೆ, ರುಚಿ ಮಾತ್ರ ಉಳಿಯುತ್ತದೆ. ಉಪ್ಪಿನ ಕಣಗಳು ನೀರಿನ ಕಣಗಳ ನಡುವೆ ಹರಡಿಕೊಂಡರೂ ಅಲ್ಲೇ ಇರುತ್ತವೆ. ಉಪ್ಪು ನೀರಾಗಿ ಬದಲಾಗುತ್ತದೆ. ಕರಗಿದ ಉಪ್ಪಿಗೆ ಗಟ್ಟಿ ಉಪ್ಪಿನಷ್ಟು ತೂಕ ಇರುವುದಿಲ್ಲ.

"105 ಗ್ರಾಂ" ಎಂದು ಸರಿಯಾಗಿ ಗುರುತು ಮಾಡಿ, ಕಾರಣದಲ್ಲಿ "ಉಪ್ಪು ನೀರಾಗಿ ಬದಲಾಗುತ್ತದೆ" ಅಂತ ಆರಿಸುವ ಮಗುವನ್ನು ಗಮನಿಸಿ. ಮಾಮೂಲಿ ಪರೀಕ್ಷೆಯಲ್ಲಿ ಈ ಮಗು ಪಾಸ್. ಎಣಿಕೆ ಸರಿ ಇದೆ, ರಾಶಿ ಉಳಿಯುತ್ತದೆ ಅನ್ನುವುದೂ ಗೊತ್ತಿದೆ. ಆದರೆ ಕರಗುವುದು ಅಂದರೇನು ಅಂತ ಗೊತ್ತಿಲ್ಲ. ಮುಂದೆ ಅಯಾನುಗಳ ಪಾಠ ಬಂದಾಗ ಇದೇ ಮಗು ಎಲ್ಲಿ ಎಡವಿತು ಅಂತ ನಮಗೆ ಅರ್ಥವೇ ಆಗುವುದಿಲ್ಲ. ನನ್ನ ಮಟ್ಟಿಗೆ ಈ ಒಂದು ಗುಂಪನ್ನು ಬೆಳಕಿಗೆ ತರುವುದೇ ಎರಡು ಹಂತದ ಪರೀಕ್ಷೆಯ ದೊಡ್ಡ ಉಪಕಾರ. ಕುರುಡು ಅದೃಷ್ಟಕ್ಕೂ ಇಲ್ಲಿ ಜಾಗ ಕಡಿಮೆ. ನಾಲ್ಕು ಉತ್ತರ, ನಾಲ್ಕು ಕಾರಣ ಇದ್ದರೆ ಎರಡನ್ನೂ ಊಹೆಯಿಂದಲೇ ಸರಿ ಮಾಡುವ ಸಾಧ್ಯತೆ 16ರಲ್ಲಿ ಒಂದು.

ಕಷ್ಟ ಇರುವುದು ತಯಾರಿಯಲ್ಲಿ. ಕಾರಣದ ಆಯ್ಕೆಗಳನ್ನು ಮೇಜಿನ ಮುಂದೆ ಕೂತು ಕಲ್ಪಿಸಿಕೊಂಡು ಬರೆಯಬಾರದು. ಮೊದಲು ಒಂದು ತರಗತಿಗೆ ಅದೇ ಪ್ರಶ್ನೆಯನ್ನು "ಯಾಕೆ?" ಎಂದು ಬಿಟ್ಟ ಜಾಗದೊಂದಿಗೆ ಕೊಡಿ. ಮಕ್ಕಳು ಬರೆದದ್ದನ್ನು ಓದಿ, ಒಂದೇ ತರಹದವನ್ನು ಗುಂಪು ಮಾಡಿ, ಅವರದೇ ಮಾತಿನಲ್ಲಿ ಆಯ್ಕೆಗಳನ್ನು ಬರೆಯಿರಿ. ಪುಸ್ತಕದ ಭಾಷೆಗೆ ತಿದ್ದಬೇಡಿ. ಸರಿ ಕಾರಣ ಒಂದೇ ಉದ್ದವಾಗಿ, ಅಚ್ಚುಕಟ್ಟಾಗಿ ಇದ್ದು ಉಳಿದವು ಮೊಟಕಾಗಿದ್ದರೆ ಮಕ್ಕಳು ಉದ್ದ ನೋಡಿಯೇ ಸರಿ ಉತ್ತರ ಹಿಡಿಯುತ್ತಾರೆ. ಅವರು ಜಾಣರು, ಅಲ್ವಾ.

ಇದಕ್ಕೆ ಮೂರನೇ ಹಂತ ಸೇರಿಸುವವರೂ ಇದ್ದಾರೆ: "ನಿಮ್ಮ ಉತ್ತರದ ಬಗ್ಗೆ ಎಷ್ಟು ಖಚಿತ?" ಇದು ಒಂದು ಸಾಲಿನ ಕೆಲಸ, ಸೇರಿಸುವುದೇ ಒಳ್ಳೆಯದು. ತಪ್ಪು ಉತ್ತರ ಕೊಟ್ಟು "ಖಚಿತವಿಲ್ಲ" ಎಂದವನಿಗೆ ವಿಷಯ ಗೊತ್ತಿಲ್ಲ, ಹೇಳಿಕೊಟ್ಟರೆ ಕಲಿಯುತ್ತಾನೆ. ತಪ್ಪು ಉತ್ತರ ಕೊಟ್ಟು "ಪೂರ್ತಿ ಖಚಿತ" ಎಂದವನ ತಲೆಯಲ್ಲಿ ಬೇರೆ ಏನೋ ಗಟ್ಟಿಯಾಗಿ ಕೂತಿದೆ. ಅವನಿಗೆ ಅದೇ ಪಾಠವನ್ನು ಮತ್ತೊಮ್ಮೆ ಹೇಳಿದರೆ ಉಪಯೋಗ ಕಡಿಮೆ. ಅವನ ವಿಚಾರ ಎಲ್ಲಿ ಸೋಲುತ್ತದೆ ಅಂತ ತೋರಿಸುವ ಪ್ರಯೋಗವೋ ಪ್ರಶ್ನೆಯೋ ಬೇಕು.

ಕಣಗಳ ಚಿತ್ರ ಬರೆಸುವುದು

ಅಮೆರಿಕದ ಸೂಸನ್ ನರೆನ್‌ಬರ್ನ್ ಮತ್ತು ಮೈಲ್ಸ್ ಪಿಕರಿಂಗ್ 1987ರಲ್ಲಿ ಒಂದು ಸಣ್ಣ ಲೇಖನ ಬರೆದರು. ಅನಿಲಗಳ ಲೆಕ್ಕವನ್ನು ಸರಿಯಾಗಿ ಮಾಡುವ ಕಾಲೇಜು ವಿದ್ಯಾರ್ಥಿಗಳಲ್ಲಿ ಅನೇಕರು, ಅದೇ ವಿಷಯವನ್ನು ಕಣಗಳ ಚಿತ್ರದ ಮೂಲಕ ಕೇಳಿದರೆ ಸೋಲುತ್ತಾರೆ ಅಂತ ತೋರಿಸಿದರು. ಅವರ ಒಂದು ಪ್ರಶ್ನೆ ಹೀಗಿತ್ತು. ಉಕ್ಕಿನ ತೊಟ್ಟಿಯಲ್ಲಿ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೈಡ್ರೋಜನ್ ಅನಿಲ ತುಂಬಿದೆ, ಅಣುಗಳನ್ನು ಚುಕ್ಕೆಗಳಾಗಿ ತೋರಿಸಿದೆ. ಉಷ್ಣತೆಯನ್ನು ಮೈನಸ್ 20 ಡಿಗ್ರಿಗೆ ಇಳಿಸಿದರೆ ಚುಕ್ಕೆಗಳು ಹೇಗೆ ಕಾಣುತ್ತವೆ? ಹೈಡ್ರೋಜನ್ ದ್ರವವಾಗುವುದು ಸುಮಾರು ಮೈನಸ್ 253 ಡಿಗ್ರಿಯಲ್ಲಿ. ಹಾಗಾಗಿ ಮೈನಸ್ 20ರಲ್ಲೂ ಅದು ಅನಿಲವೇ, ಚುಕ್ಕೆಗಳು ತೊಟ್ಟಿಯ ತುಂಬ ಹರಡಿಯೇ ಇರುತ್ತವೆ. ತಣ್ಣಗಾದರೆ ಕಣಗಳು ತಳಕ್ಕೆ ಕೂರುತ್ತವೆ ಅಥವಾ ನಡುವೆ ಗುಂಪು ಸೇರುತ್ತವೆ ಅಂದುಕೊಂಡವರನ್ನು ಈ ಪ್ರಶ್ನೆ ತಕ್ಷಣ ಹಿಡಿಯುತ್ತದೆ. ಯಾವ ಸೂತ್ರವೂ ಇದನ್ನು ಹಿಡಿಯುವುದಿಲ್ಲ.

ನಾನು ಎಲ್ಲರಿಗೂ ಹೇಳುವ ಚಿತ್ರದ ಪ್ರಶ್ನೆ ಇನ್ನೊಂದಿದೆ. ಒಂದು ಮುಚ್ಚಿದ ಡಬ್ಬಿಯ ಚಿತ್ರದಲ್ಲಿ 6 ಹೈಡ್ರೋಜನ್ ಅಣು, 4 ಆಕ್ಸಿಜನ್ ಅಣು ಬರೆದು ಕೊಡಿ. ಅವು ಪೂರ್ತಿಯಾಗಿ ವರ್ತಿಸಿ ನೀರಾದ ಮೇಲೆ ಡಬ್ಬಿಯೊಳಗೆ ಏನಿರುತ್ತದೆ ಅಂತ ಪಕ್ಕದ ಖಾಲಿ ಡಬ್ಬಿಯಲ್ಲಿ ಬರೆಯಲು ಹೇಳಿ. ಸರಿ ಉತ್ತರ 6 ನೀರಿನ ಅಣು, ಜೊತೆಗೆ ಉಳಿದುಹೋದ 1 ಆಕ್ಸಿಜನ್ ಅಣು. ಮೊದಲು 12 ಹೈಡ್ರೋಜನ್ ಪರಮಾಣು, 8 ಆಕ್ಸಿಜನ್ ಪರಮಾಣು ಇದ್ದವು, ಆಮೇಲೂ ಅಷ್ಟೇ. ಈ ಒಂದು ಚಿತ್ರದಲ್ಲಿ ಎಷ್ಟು ಸಂಗತಿ ಕಾಣುತ್ತದೆ ನೋಡಿ. ಪರಮಾಣುಗಳ ಎಣಿಕೆ ಉಳಿದಿದೆಯೇ? ನೀರಿನ ಅಣುಗಳು ಬಿಡಿ ಬಿಡಿಯಾಗಿವೆಯೇ, ಅಥವಾ ದೊಡ್ಡದೊಂದು ಗೊಂಚಲಾಗಿವೆಯೇ? ಮಿಕ್ಕ ಆಕ್ಸಿಜನ್ ಅಣುವಿನ ರೂಪದಲ್ಲಿದೆಯೇ, ಒಂಟಿ ಪರಮಾಣುಗಳಾಗಿದೆಯೇ? ಅಥವಾ ಮಗು ಸಮೀಕರಣದಲ್ಲಿರುವ ಹಾಗೆ ಎರಡೇ ನೀರಿನ ಅಣು ಬರೆದು ಕೈಬಿಟ್ಟಿದೆಯೇ? ತಿದ್ದುವಾಗ ಈ ನಾಲ್ಕನ್ನು ಬೇರೆ ಬೇರೆಯಾಗಿ ಗುರುತು ಮಾಡಿಕೊಳ್ಳಿ, ಒಟ್ಟು ಅಂಕ ಹಾಕಬೇಡಿ. ಇಡೀ ತರಗತಿಯ ಹಾಳೆಗಳನ್ನು ನೋಡಿದ ಮೇಲೆ ಮರುದಿನ ಏನು ಹೇಳಿಕೊಡಬೇಕು ಅನ್ನುವುದು ತಾನಾಗಿಯೇ ಗೊತ್ತಾಗುತ್ತದೆ.

ಚಿತ್ರದಲ್ಲಿ ಎಚ್ಚರ ಬೇಕಾದ ಕಡೆಯೂ ಇದೆ. ದ್ರವದ ಕಣಗಳನ್ನು ದೂರ ದೂರ ಬರೆದ ಮಗುವಿಗೆ ವಿಷಯ ಗೊತ್ತಿಲ್ಲ ಅಂತ ತೀರ್ಮಾನಿಸುವ ಮೊದಲು ಪಠ್ಯಪುಸ್ತಕದ ಚಿತ್ರವನ್ನೂ ಒಮ್ಮೆ ನೋಡಿ. ಘನಕ್ಕೂ ಅನಿಲಕ್ಕೂ ನಡುವೆ ಇರಲಿ ಅಂತ ದ್ರವದಲ್ಲಿ ಕಣಗಳ ನಡುವೆ ಬಹಳ ಜಾಗ ಬಿಟ್ಟು ಬರೆಯುವ ರೂಢಿ ಇದೆ. ವಾಸ್ತವದಲ್ಲಿ ದ್ರವದ ಕಣಗಳು ಹೆಚ್ಚುಕಡಿಮೆ ಒತ್ತಿಕೊಂಡೇ ಇರುತ್ತವೆ. ಇನ್ನು ಕೆಲವು ಮಕ್ಕಳಿಗೆ ಚಿತ್ರ ಬರೆಯಲು ಬರುವುದಿಲ್ಲ, ಆದರೆ ವಿಷಯ ಗೊತ್ತಿರುತ್ತದೆ. ಅದಕ್ಕೆ ಚಿತ್ರದ ಕೆಳಗೆ "ನಾನು ಬರೆದದ್ದು ಏನು" ಅಂತ ಎರಡು ಸಾಲು ಬರೆಯಲು ಜಾಗ ಬಿಡಿ. ಆ ಎರಡು ಸಾಲು ಬಹಳ ಸಲ ಚಿತ್ರಕ್ಕಿಂತ ಜಾಸ್ತಿ ಹೇಳುತ್ತದೆ.

ವಿವರಣೆ ಬರೆಸುವುದು ಮತ್ತು ಲೆಕ್ಕ ಕೊಡುವುದು

ಇವೆರಡೂ ನಮಗೆ ರೂಢಿ ಇರುವ ದಾರಿಗಳು. ಎರಡರಲ್ಲೂ ಒಂದೇ ಬಗೆಯ ಅಪಾಯ ಇದೆ. ಕಂಠಪಾಠದ ವಾಕ್ಯವನ್ನೂ ಕಂಠಪಾಠದ ವಿಧಾನವನ್ನೂ ತಿಳಿವಳಿಕೆ ಅಂದುಕೊಂಡುಬಿಡುತ್ತೇವೆ. "ರಾಶಿಯನ್ನು ಸೃಷ್ಟಿಸಲೂ ಆಗದು, ನಾಶಪಡಿಸಲೂ ಆಗದು" ಎಂದು ತಪ್ಪಿಲ್ಲದೆ ಬರೆದ ಮಗುವೇ, ಉಕ್ಕಿನ ಎಳೆಗಳ ಉಂಡೆಯನ್ನು ಸುಟ್ಟರೆ ಅದು ಹಗುರಾಗುತ್ತದೆ ಅಂತ ಹೇಳಬಹುದು. ಸುಟ್ಟದ್ದೆಲ್ಲ ಹಗುರಾಗುತ್ತದೆ ಅನ್ನುವುದು ಅದರ ಅನುಭವ. ಕಬ್ಬಿಣಕ್ಕೆ ಗಾಳಿಯ ಆಕ್ಸಿಜನ್ ಸೇರಿಕೊಂಡು ರಾಶಿ ಹೆಚ್ಚಾಗುತ್ತದೆ ಅನ್ನುವುದು ನಿಯಮದ ವಾಕ್ಯದಿಂದ ತಾನಾಗಿ ಹೊಳೆಯುವುದಿಲ್ಲ. ವಿವರಣೆ ಬರೆಸುವುದಾದರೆ ನಿಯಮ ಕೇಳಬೇಡಿ, ಪಾಠದಲ್ಲಿ ಬಾರದ ಒಂದು ಸಂದರ್ಭ ಕೊಟ್ಟು "ಏನಾಗುತ್ತದೆ, ಯಾಕೆ" ಅಂತ ಕೇಳಿ.

ಲೆಕ್ಕದಲ್ಲೂ ಅಷ್ಟೇ. ಮೋಲ್ (ಕಣಗಳನ್ನು ಎಣಿಸಲು ಬಳಸುವ ಅಳತೆ) ಪಾಠದಲ್ಲಿ ಸೂತ್ರಕ್ಕೆ ಸಂಖ್ಯೆ ತುಂಬಿಸಿ ಉತ್ತರ ತರುವುದು ಅಭ್ಯಾಸದಿಂದ ಬರುತ್ತದೆ. ಅದರ ಬದಲು, 12 ಗ್ರಾಂ ಕಾರ್ಬನ್ ಮತ್ತು 12 ಗ್ರಾಂ ಮೆಗ್ನೀಷಿಯಂ ಇವೆರಡರಲ್ಲಿ ಯಾವುದರಲ್ಲಿ ಪರಮಾಣುಗಳು ಜಾಸ್ತಿ, ಲೆಕ್ಕ ಮಾಡದೆ ಹೇಳಿ ಅಂತ ಕೇಳಿ ನೋಡಿ. ಕಾರ್ಬನ್‌ನ ಪರಮಾಣು ರಾಶಿ 12, ಮೆಗ್ನೀಷಿಯಂನದ್ದು 24. ಒಂದೊಂದು ಮೆಗ್ನೀಷಿಯಂ ಪರಮಾಣು ಎರಡರಷ್ಟು ಭಾರ, ಅದಕ್ಕೇ ಅದೇ ತೂಕದಲ್ಲಿ ಅವುಗಳ ಸಂಖ್ಯೆ ಅರ್ಧ. ಇದನ್ನು ಹೇಳಬಲ್ಲ ಮಗುವಿಗೆ ಮೋಲ್ ಅರ್ಥ ಆಗಿದೆ. "ಎರಡೂ ಸಮ, ಯಾಕೆಂದರೆ ತೂಕ ಸಮ" ಎಂದವರಿಗೆ ಒಂದು ಮೋಲ್‌ನಲ್ಲಿ 6.022 × 10²³ ಕಣ ಅನ್ನುವ ಸಂಖ್ಯೆ ಬಾಯಿಪಾಠ ಇದ್ದರೂ ಮುಂದಕ್ಕೆ ಹೋಗುವುದು ಬೇಡ.

ಮೊದಲು ಊಹಿಸಿ, ಆಮೇಲೆ ನೋಡಿ

ಆಸ್ಟ್ರೇಲಿಯಾದವರೇ ಆದ ರಿಚರ್ಡ್ ವೈಟ್ ಮತ್ತು ರಿಚರ್ಡ್ ಗನ್‌ಸ್ಟೋನ್ ಈ ಕ್ರಮವನ್ನು ಪ್ರಚಾರಕ್ಕೆ ತಂದರು. ಪ್ರಯೋಗ ತೋರಿಸುವ ಮುಂಚೆ ಏನಾಗುತ್ತದೆ ಅಂತ ಊಹಿಸಿ ಕಾರಣದ ಸಮೇತ ಬರೆಯುವುದು. ಆಮೇಲೆ ನೋಡುವುದು. ಊಹೆಗೂ ನೋಡಿದ್ದಕ್ಕೂ ಹೊಂದದಿದ್ದರೆ ಯಾಕೆ ಅಂತ ವಿವರಿಸುವುದು. ಪರೀಕ್ಷೆಯೂ ಪಾಠವೂ ಒಂದೇ ಆಗುವ ದಾರಿ ಇದು. ಒಂದೇ ನಿಯಮ: ಊಹೆಯನ್ನು ಬರೆಸಲೇಬೇಕು. ಬಾಯಲ್ಲಿ ಹೇಳಿಸಿದರೆ ಮೊದಲು ಹೇಳಿದವರ ಉತ್ತರವೇ ಎಲ್ಲರದೂ ಆಗುತ್ತದೆ.

ಪ್ರಯೋಗವನ್ನು ಹುಷಾರಾಗಿ ಆರಿಸಿ. ರಾಶಿ ಉಳಿಯುತ್ತದೆ ಅಂತ ತೋರಿಸಲು ವಿನೆಗರ್ ಮತ್ತು ಅಡುಗೆ ಸೋಡಾ ಇರುವ ಬಾಟಲಿಯ ಬಾಯಿಗೆ ಬಲೂನು ಕಟ್ಟುವುದು ಬಹಳ ಜನಪ್ರಿಯ. ಅದರಲ್ಲಿ ಒಂದು ತೊಡಕು ಇದೆ. ಬಲೂನು ಉಬ್ಬಿದಾಗ ಅದು ತಳ್ಳಿದ ಗಾಳಿ ಅದನ್ನು ಸ್ವಲ್ಪ ಮೇಲಕ್ಕೆತ್ತುತ್ತದೆ. ಒಂದು ಲೀಟರ್ ಗಾಳಿಯ ತೂಕ ಸುಮಾರು 1.2 ಗ್ರಾಂ. ಸೂಕ್ಷ್ಮ ತಕ್ಕಡಿ ಇದ್ದರೆ ಬಲೂನು ಒಂದು ಲೀಟರ್ ಉಬ್ಬಿದಾಗ ತೂಕ ಅಷ್ಟು ಕಡಿಮೆ ತೋರಿಸುತ್ತದೆ, "ರಾಶಿ ಕಡಿಮೆಯಾಯಿತು" ಎಂದ ಮಗುವೇ ಗೆಲ್ಲುತ್ತದೆ. ಅದರ ಬದಲು ಕ್ಯಾಲ್ಸಿಯಂ ಕ್ಲೋರೈಡ್ ದ್ರಾವಣ ಮತ್ತು ವಾಷಿಂಗ್ ಸೋಡಾ ದ್ರಾವಣವನ್ನು ಬೆರೆಸಿ. ಅನಿಲ ಇಲ್ಲ, ಬಿಳಿ ಪ್ರಕ್ಷೇಪ ಬರುತ್ತದೆ. ಘನ ಹುಟ್ಟಿತು, ಹಾಗಾಗಿ ತೂಕ ಹೆಚ್ಚಾಗುತ್ತದೆ ಅಂತ ಊಹಿಸುವ ಮಕ್ಕಳು ಇದ್ದೇ ಇರುತ್ತಾರೆ. ಎರಡೂ ಪಾತ್ರೆಗಳನ್ನು ಬೆರೆಸುವ ಮುಂಚೆ ಒಟ್ಟಿಗೆ ತೂಗಿ, ಬೆರೆಸಿದ ಮೇಲೂ ಖಾಲಿ ಪಾತ್ರೆಯ ಸಮೇತ ತೂಗಿ.

ಪರಿಕಲ್ಪನಾ ನಕ್ಷೆ, ಮಾತುಕತೆ

ನಕ್ಷೆಯ ಬಗ್ಗೆ ನನ್ನ ಉತ್ಸಾಹ ಕಡಿಮೆ. ಕಾರ್ನೆಲ್ ವಿಶ್ವವಿದ್ಯಾಲಯದ ಜೋಸೆಫ್ ನೊವಾಕ್ ಮತ್ತು ಅವರ ಸಂಗಡಿಗರು 1970ರ ದಶಕದಲ್ಲಿ ರೂಪಿಸಿದ ಇದರಲ್ಲಿ ಧಾತು, ಸಂಯುಕ್ತ, ಮಿಶ್ರಣ, ಅಣು ಮುಂತಾದ ಪದಗಳನ್ನು ಗೆರೆಗಳಿಂದ ಜೋಡಿಸಿ, ಗೆರೆಯ ಮೇಲೆ ಸಂಬಂಧ ಬರೆಯಬೇಕು. ಅಭ್ಯಾಸವಿಲ್ಲದ ಮಕ್ಕಳಿಗೆ ಇದನ್ನು ಕಲಿಸುವುದೇ ಒಂದು ಪಾಠ. ಅಂಕ ಹಾಕುವುದು ಇನ್ನೂ ಕಷ್ಟ. ಅಧ್ಯಾಯ ಮುಗಿದ ಮೇಲೆ ಪುನರಾವರ್ತನೆಗೆ ಚೆನ್ನ.

ಮಾತುಕತೆ ಹಾಗಲ್ಲ. ಮಗುವಿನ ತಲೆಯಲ್ಲಿರುವುದು ಇಷ್ಟು ಸ್ಪಷ್ಟವಾಗಿ ಬೇರೆ ಯಾವುದರಲ್ಲೂ ಕಾಣುವುದಿಲ್ಲ. ಎಲ್ಲರನ್ನೂ ಮಾತಾಡಿಸಲು ಸಮಯ ಸಾಲದು, ಅಷ್ಟೇ. ಎರಡು ಹಂತದ ಪರೀಕ್ಷೆಯಲ್ಲಿ "ಉತ್ತರ ಸರಿ, ಕಾರಣ ತಪ್ಪು" ಗುಂಪಿಗೆ ಬಿದ್ದ ಮೂರು ನಾಲ್ಕು ಮಕ್ಕಳನ್ನು ಕರೆದು ಕೂರಿಸಿಕೊಳ್ಳಿ. ಪ್ರಶ್ನೆ ಕೇಳಿ ಸುಮ್ಮನಿರಿ. ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ ತಮ್ಮ ಅಧ್ಯಯನಗಳಲ್ಲಿ ಕಂಡುಕೊಂಡದ್ದು ಇದೇ. ಶಿಕ್ಷಕರು ಸಾಮಾನ್ಯವಾಗಿ ಕಾಯುವುದು ಒಂದೇ ಸೆಕೆಂಡ್. ಅದನ್ನು ಮೂರು ಸೆಕೆಂಡಿಗೆ ಹೆಚ್ಚಿಸಿದರೂ ಮಕ್ಕಳ ಉತ್ತರ ಉದ್ದವಾಗುತ್ತದೆ, ತರ್ಕ ಹೊರಗೆ ಬರುತ್ತದೆ. "ಸರಿ", "ತಪ್ಪು" ಅನ್ನಬೇಡಿ. "ಹಾಗಾದರೆ ಇದನ್ನು ಕಾಯಿಸಿದರೆ?" ಅಂತ ಮುಂದಿನ ಪ್ರಶ್ನೆ ಕೇಳಿ.

ಪಾಠ ನೋಡಿ ಆರಿಸುವುದು

ವಸ್ತುವಿನ ಸ್ಥಿತಿಗಳು, ಕರಗುವಿಕೆ, ಸಮೀಕರಣ, ಈ ಪಾಠಗಳಿಗೆ ಚಿತ್ರವೇ ಮೊದಲು. ರಾಶಿ ಸಂರಕ್ಷಣೆ, ತುಕ್ಕು, ಉರಿಯುವುದು, ಇವಕ್ಕೆ ಊಹಿಸಿ ನೋಡುವ ಕ್ರಮ. ಬಂಧಗಳ ಪಾಠಕ್ಕೆ ಎರಡು ಹಂತದ ಪ್ರಶ್ನೆ. ಸೋಡಿಯಂ ಕ್ಲೋರೈಡ್ ಸ್ಫಟಿಕದಲ್ಲಿ ಬಿಡಿ ಬಿಡಿ ಅಣುಗಳಿವೆ ಅನ್ನುವವರು, ಬಂಧ ಮುರಿದಾಗ ಶಕ್ತಿ ಹೊರಬರುತ್ತದೆ ಅನ್ನುವವರು ಅಲ್ಲಿ ಸಿಗುತ್ತಾರೆ. ಬಂಧ ಮುರಿಯಲು ಶಕ್ತಿ ಬೇಕು, ಹೊರಬರುವುದು ಬಂಧ ಉಂಟಾದಾಗ.

ಆಮ್ಲದ ಪಾಠದಲ್ಲಿ ಪ್ರಬಲ ಆಮ್ಲ (ನೀರಿನಲ್ಲಿ ಪೂರ್ತಿ ಅಯಾನುಗಳಾಗುವುದು) ಮತ್ತು ಸಾಂದ್ರ ಆಮ್ಲ (ನೀರು ಕಡಿಮೆ, ಆಮ್ಲ ಜಾಸ್ತಿ ಇರುವುದು) ಎರಡೂ ಒಂದೇ ಅಂದುಕೊಳ್ಳುವುದು ದೊಡ್ಡ ಗೊಂದಲ. ಅದಕ್ಕೂ ಚಿತ್ರ ಚೆನ್ನಾಗಿ ಕೆಲಸ ಮಾಡುತ್ತದೆ. ಒಂದೇ ಸಾಂದ್ರತೆಯ ಹೈಡ್ರೋಕ್ಲೋರಿಕ್ ಆಮ್ಲ ಮತ್ತು ಅಸಿಟಿಕ್ ಆಮ್ಲದ ದ್ರಾವಣ, ಎರಡಕ್ಕೂ 10 ಆಮ್ಲ ಅಣು ಹಾಕಿದ್ದೇವೆ ಎಂದುಕೊಂಡು ಕಣಗಳನ್ನು ಬರೆಯಿರಿ ಎನ್ನಿ. ಮೊದಲನೆಯದರಲ್ಲಿ 10 ಅಣುಗಳೂ ಅಯಾನುಗಳಾಗಿರಬೇಕು, ಎರಡನೆಯದರಲ್ಲಿ ಹೆಚ್ಚುಕಡಿಮೆ ಎಲ್ಲವೂ ಅಣುಗಳಾಗಿಯೇ ಉಳಿದಿರಬೇಕು.

ಸಮಯದ ಲೆಕ್ಕದಲ್ಲಿ ಹೇಳುವುದಾದರೆ, ತರಗತಿಯ ಕೊನೆಯ ಐದು ನಿಮಿಷ ಮಾತ್ರ ಸಿಕ್ಕರೆ ಒಂದು ಎರಡು ಹಂತದ ಪ್ರಶ್ನೆ ಸಾಕು. ಇಡೀ ಅವಧಿ ಸಿಕ್ಕರೆ ನಾಲ್ಕೈದು ಎರಡು ಹಂತದ ಪ್ರಶ್ನೆ, ಒಂದು ಚಿತ್ರ, ಪಾಠದಲ್ಲಿ ಬಾರದ ಒಂದು ಸಂದರ್ಭ. ಇದಕ್ಕೆ ಅಂಕ ಕೊಡಬೇಡಿ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಅಂಕ ಇದೆ ಎಂದ ತಕ್ಷಣ ಮಕ್ಕಳು ತಮಗೆ ಅನಿಸಿದ್ದನ್ನು ಬಿಟ್ಟು ನಿಮಗೆ ಬೇಕಾದದ್ದನ್ನು ಬರೆಯಲು ನೋಡುತ್ತಾರೆ. ನಿಮಗೆ ಬೇಕಿರುವುದು ಅವರಿಗೆ ಅನಿಸಿದ್ದು.

ತಿದ್ದಿ ಪಾಠ ಮಾಡಿದ ಮೇಲೆ ಕೆಲವು ವಾರ ಬಿಟ್ಟು ಮತ್ತೆ ಕೇಳಿ, ಆದರೆ ವಸ್ತು ಬದಲಿಸಿ. ಉಪ್ಪಿನ ಜಾಗದಲ್ಲಿ ಸಕ್ಕರೆ, ಹೈಡ್ರೋಜನ್ ಮತ್ತು ಆಕ್ಸಿಜನ್ ಡಬ್ಬಿಯ ಜಾಗದಲ್ಲಿ 3 ಸಾರಜನಕ ಅಣು ಮತ್ತು 6 ಹೈಡ್ರೋಜನ್ ಅಣು. ಅಲ್ಲಿ 4 ಅಮೋನಿಯಾ ಅಣು, 1 ಸಾರಜನಕ ಅಣು ಬರೆದ ಮಗುವಿಗೆ ಮುಂದಿನ ಅಧ್ಯಾಯ ಶುರು ಮಾಡಬಹುದು.